ಕಣ್ಣೀರಿನ ಕಾಲಂ

ಬುಧವಾರ ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಟೀಚರಮ್ಮನ ಅನುಮತಿ ಕೇಳದೆ ಎಡಗಡೆಯಿಂದ ಹೊರಗೆ ಬಂತು. ಮೂವತ್ತೊಂದು ವರ್ಷ ಲೆಕ್ಕ ಕಲಿಸಿ ನಿವೃತ್ತರಾದವರು ಅವರು. ಅನುಮತಿಯಿಲ್ಲದೆ ಅವರ ತರಗತಿಯಿಂದ ಒಂದು ನೊಣವೂ ಹೊರಗೆ ಹೋದದ್ದಿಲ್ಲ. ಕನ್ನಡಿ ನೋಡಿದರು. ಮುಖದ ಬಲಭಾಗ ಎಂದಿನಂತೆ ಬಿಗಿಯಾಗಿತ್ತು. ಎಡಭಾಗ ಈಗ ನಿವೃತ್ತಿ ತೆಗೆದುಕೊಂಡಿತ್ತು.

“ಅತ್ತೆ, ಬೆಳಬೆಳಿಗ್ಗೆ ಯಾರನ್ನ ಅಣಕಿಸ್ತಿದ್ದೀರಿ?” ಎಂದಳು ಸೊಸೆ.

“ಯಾರನ್ನೂ ಇಲ್ಲ” ಎನ್ನಲು ಹೋದರು. ಅರ್ಧ ಮಾತು ಬಂತು, ಉಳಿದರ್ಧ ಗಾಳಿಯಾಗಿ ಹೋಯಿತು. ಸೊಸೆ ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವವಳು. ದಿನವಿಡೀ ಜನರ ಪಾದ ನೋಡಿ ಅಭ್ಯಾಸವಾದವಳಿಗೆ ಮುಖವೊಂದು ಕೆಟ್ಟರೆ ಗಾಬರಿಯಾಗುವುದಿಲ್ಲ. ಅತ್ತೆಯ ಎರಡೂ ಕೈ ಮೇಲೆತ್ತಿಸಿದಳು, ನಾಲ್ಕು ಹೆಜ್ಜೆ ನಡೆಸಿದಳು, ಅಂಗಡಿಗೆ ರಜೆ ಹೇಳಿ ಒಂಬತ್ತಕ್ಕೆಲ್ಲ ಆಸ್ಪತ್ರೆಯಲ್ಲಿ ಕೂರಿಸಿದಳು.

ಡಾಕ್ಟರ್ ಮುಖವನ್ನು ಅಲ್ಲಲ್ಲಿ ಒತ್ತಿ ನೋಡಿದರು. ಪಾರ್ಶ್ವವಾಯು ಅಲ್ಲ, ಮುಖದ ನರಕ್ಕೆ ಬಾವು ಬಂದಿದೆ, ಆರು ವಾರವೋ ಮೂರು ತಿಂಗಳೋ ಹಿಡಿಯಬಹುದು ಎಂದರು. ಎಡಗಣ್ಣು ಪೂರ್ತಿ ಮುಚ್ಚುವುದಿಲ್ಲ, ಕೆಳರೆಪ್ಪೆ ಜೋತುಬಿದ್ದಿದೆ, ಅದರಿಂದ ನೀರು ಸುರಿಯುತ್ತಲೇ ಇರುತ್ತದೆ. ಗಂಟೆಗೊಮ್ಮೆ ಡ್ರಾಪ್ಸ್ ಹಾಕಬೇಕು. ಮಾತ್ರೆ ನುಂಗಬೇಕು. ದಿನಕ್ಕೆ ಮೂರು ಸಲ ಕನ್ನಡಿ ಮುಂದೆ ನಿಂತು ಹುಬ್ಬು ಏರಿಸಬೇಕು, ಕೆನ್ನೆ ಉಬ್ಬಿಸಬೇಕು, ಶಿಳ್ಳೆ ಹೊಡೆಯಬೇಕು.

“ಶಿಳ್ಳೆ?”

“ಹೌದಮ್ಮ, ಶಿಳ್ಳೆ.”

ಶಿಳ್ಳೆ ಹೊಡೆದವರನ್ನು ಮೂವತ್ತೊಂದು ವರ್ಷ ಬಾಗಿಲ ಹೊರಗೆ ನಿಲ್ಲಿಸಿದವರು ಟೀಚರಮ್ಮ. ದೇವರಿಗೂ ನೆನಪಿನ ಶಕ್ತಿ ಚೆನ್ನಾಗಿದೆ ಎಂದು ಸೊಸೆ ದಾರಿಯುದ್ದಕ್ಕೂ ಹೇಳಿಕೊಂಡು ನಕ್ಕಳು.

ಟೀಚರಮ್ಮನಿಗೆ ಮುಖದ ಚಿಂತೆ ಅಷ್ಟಿರಲಿಲ್ಲ. ಅರವತ್ಮೂರನೇ ವಯಸ್ಸಿನಲ್ಲಿ ಅದನ್ನು ಯಾರಿಗೆ ತೋರಿಸಬೇಕಿತ್ತು? ಚಿಂತೆ ಇದ್ದದ್ದು ಗುರುವಾರದ್ದು. ಹನ್ನೊಂದು ವರ್ಷಗಳಿಂದ ಪ್ರತಿ ಗುರುವಾರ ನಾಲ್ಕರಿಂದ ಐದೂವರೆಯವರೆಗೆ, ಅದೇ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ, ಪ್ರಾರ್ಥನಾ ಮಂದಿರದ ಸಾಂತ್ವನ ಸೇವೆ ಅವರದು. ಶಾಲೆ ಬಿಟ್ಟ ಮೇಲೆ, ಗಂಡ ತೀರಿಕೊಂಡ ಮೇಲೆ, ಮಗ ವ್ಯಾನ್ ಓಡಿಸುತ್ತ ಊರೂರು ತಿರುಗತೊಡಗಿದ ಮೇಲೆ, ವಾರದಲ್ಲಿ ಅವರಿಗೆ ಅಂತ ಉಳಿದಿದ್ದ ದಿನ ಅದೊಂದೇ.

ಆ ಸೇವೆಯನ್ನು ಅವರು ಲೆಕ್ಕದ ಪಾಠದ ಹಾಗೆಯೇ ಕಟ್ಟಿದ್ದರು. ಹದಿನಾಲ್ಕು ಮಂಚ, ಮಂಚಕ್ಕೆ ಆರು ನಿಮಿಷ, ಉಳಿದ ಆರು ನಿಮಿಷ ನಡಿಗೆಗೆ. ಕೂರುವಂತಿಲ್ಲ, ಕೂತರೆ ರೋಗಿಗಳು ಮಾತಿಗೆ ಎಳೆಯುತ್ತಾರೆ. ಹೇಳಬೇಕಾದ ಮಾತು ಏಳು, ಒಂದೊಂದಕ್ಕೂ ಒಂದು ನಂಬರು. ಹೊಸದಾಗಿ ಬಂದ ಕಾಯಿಲೆಗೆ ಒಂದನೆಯದು, ವಾಸಿಯಾಗದ್ದಕ್ಕೆ ಐದನೆಯದು, ಮನೆಯವರು ಬಂದು ನೋಡದಿದ್ದವರಿಗೆ ಏಳನೆಯದು. ಎಲ್ಲವನ್ನೂ ಬರೆದುಕೊಳ್ಳಲು ಒಂದು ಉದ್ದನೆಯ ಪುಸ್ತಕ. ಅದರಲ್ಲಿ ಮಂಚದ ಸಂಖ್ಯೆ, ಕಾಯಿಲೆ, ಹೇಳಿದ ಮಾತಿನ ನಂಬರು, ಕೊನೆಗೆ ಕಣ್ಣೀರು. ಕಣ್ಣೀರಿನ ಕಾಲಮ್ಮಿನಲ್ಲಿ ‘ಬಂತು’ ಅಥವಾ ‘ಇಲ್ಲ’ ಎಂದು ಬರೆಯಬೇಕು. ರೋಗಿಯ ಕಣ್ಣಲ್ಲಿ ನೀರು ಬಂದರೆ ಮನಸ್ಸು ಕರಗಿತು ಎಂದು ಅರ್ಥ, ಮನಸ್ಸು ಕರಗಿದರೆ ಸಾಂತ್ವನ ತಲುಪಿತು ಎಂದು ಅರ್ಥ. ವಾರ್ಷಿಕ ಸಭೆಯಲ್ಲಿ ಮಂದಿರದ ಕಾರ್ಯದರ್ಶಿ ಅದನ್ನು ಕೂಡಿಸಿ ಓದುತ್ತಿದ್ದರು: “ಈ ವರ್ಷ ನಾನೂರ ಹನ್ನೆರಡು ಮಂದಿ ಅತ್ತಿದ್ದಾರೆ.” ಸಭೆ ದೇವರಿಗೆ ಕೃತಜ್ಞತೆ ಹೇಳುತ್ತಿತ್ತು. ಆಸ್ಪತ್ರೆಯಲ್ಲಿ ಮಲಗಿದವರಿಗೆ ಅಳಲು ಬೇರೆ ಕಾರಣಗಳೂ ಇರಬಹುದಲ್ಲ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ಒಂದು ಕಾಲಂ ಎಳೆಯಬೇಕಾಗುತ್ತಿತ್ತು.

ಪುಸ್ತಕದಲ್ಲಿ ಒಂದೇ ಒಂದು ಕಳಂಕವಿತ್ತು. ಒಂಬತ್ತನೇ ಮಂಚ. ಸಕ್ಕರೆ ಕಾಯಿಲೆಯಿಂದ ಬಲಗಾಲು ಕಪ್ಪಾಗಿ ಮಲಗಿದ್ದ ಒಬ್ಬ ದರ್ಜಿ ಹೆಂಗಸು, ಐವತ್ತರ ಹತ್ತಿರದವಳು, ಹಿಂದೆ ಮುಂದೆ ಯಾರೂ ಇಲ್ಲದವಳು. ಐದು ವಾರ ಒಂದರಿಂದ ಏಳರವರೆಗೆ ಎಲ್ಲ ಮಾತನ್ನೂ ಅವಳ ಮೇಲೆ ಪ್ರಯೋಗಿಸಿ ಆಗಿತ್ತು. ಐದು ವಾರವೂ ‘ಇಲ್ಲ’. ಒಮ್ಮೆ ಐದನೆಯ ಮಾತಿನ ನಡುವೆ ಅವಳು ಆಕಳಿಸಿದ್ದಳು ಕೂಡ.

ಮುಖ ಬಿದ್ದ ಮಾರನೆಯ ದಿನ ಸೊಸೆ ಹೊರಗೆ ಬಿಡಲಿಲ್ಲ. ಹನ್ನೊಂದು ವರ್ಷದಲ್ಲಿ ತಪ್ಪಿದ ಮೊದಲ ಗುರುವಾರ ಅದು. ಸೋಮವಾರ ಕಾರ್ಯದರ್ಶಿ ಮನೆಗೆ ಬಂದರು. ಮೊದಲು ವಿಮೆ ಮಾರುತ್ತಿದ್ದವರು, ಸಾವಿನ ಮಾತನ್ನೂ ನಗುಮುಖದಲ್ಲಿ ಆಡಬಲ್ಲರು.

“ಕೂತ್ಕೊಳ್ಳಿ” ಎಂದಳು ಸೊಸೆ.

“ಬೇಡಮ್ಮ, ನಿಂತೇ ಇರ್ತೀನಿ.” ಅವರು ಟೀಚರಮ್ಮನ ಕಡೆ ತಿರುಗಿ ದನಿ ಇಳಿಸಿದರು. “ನಿಮ್ಮ ನೋವು ದೇವರಿಗೆ ಗೊತ್ತಿದೆ ಟೀಚರಮ್ಮ. ನೀವು ಒಬ್ಬರೇ ಇಲ್ಲ.”

ಅದು ಮೂರನೆಯ ಮಾತು. ಟೀಚರಮ್ಮ ತಾವೇ ಬರೆದದ್ದು. ತಮ್ಮ ಮೇಲೆ ಯಾರಾದರೂ ಪ್ರಯೋಗಿಸಿದ್ದು ಮೊದಲ ಸಲ. ಒಳಗೆ ಏನಾದರೂ ಕರಗುತ್ತದೆಯೇ ಎಂದು ಕಾದು ನೋಡಿದರು. ಏನೂ ಕರಗಲಿಲ್ಲ. ಕಾರ್ಯದರ್ಶಿಯ ಕಾಲರಿನಲ್ಲಿ ಒಂದು ಗುಂಡಿ ಹೋಗಿರುವುದು ಮಾತ್ರ ಕಂಡಿತು.

“ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ. ವಾರ್ಡು ಅಂದ್ರೆ ನೋಡಿ, ರೋಗಿಗಳು. ಅವರ ಮುಂದೆ ಸ್ವಲ್ಪ... ಒಂದು ತೇಜಸ್ಸು ಇರಬೇಕಾಗುತ್ತೆ. ನೀವು ಮನೇಲೇ ಕೂತು ಹಾಡಿನ ಹಾಳೆ ಮಡಚಿಕೊಡಿ. ಅದೂ ದೇವರ ಸೇವೆನೇ.”

“ಮಡಚೋಕೆ ಮುಖ ಬೇಡ, ಅಲ್ವಾ?” ಎಂದಳು ಸೊಸೆ.

ಕಾರ್ಯದರ್ಶಿ ಅವಳಿಗೂ ಒಂದು ನಗು ಕೊಟ್ಟರು. “ಆ ಪುಸ್ತಕ ಕೊಟ್ಟರೆ ಬೇರೆಯವರಿಗೆ ವಹಿಸ್ತೀನಿ.”

“ಎಲ್ಲಿಟ್ಟಿದೀನೋ ನೆನಪಿಲ್ಲ” ಎಂದರು ಟೀಚರಮ್ಮ, ತುಟಿಯನ್ನು ಬೆರಳಿನಿಂದ ಎತ್ತಿ ಹಿಡಿದು. ಪುಸ್ತಕ ಅವರ ಕೆಳಗೇ ಇತ್ತು. ಅದರ ಮೇಲೆ ಅವರು ಕೂತಿದ್ದರು. ಗಡಿಯಾರ ನೋಡಿದರು. ಕಾರ್ಯದರ್ಶಿ ಬಂದು ಐದು ನಿಮಿಷ ನಲವತ್ತು ಸೆಕೆಂಡು ಆಗಿತ್ತು. ಹೊರಟರು. ಇಪ್ಪತ್ತು ಸೆಕೆಂಡು ಉಳಿತಾಯ.

ಗುರುವಾರ ಸೊಸೆ ಅಂಗಡಿಗೆ ಹೋದ ಮೇಲೆ ಟೀಚರಮ್ಮ ಸಾಂತ್ವನ ಸೇವೆಯ ಬ್ಯಾಡ್ಜ್ ಚುಚ್ಚಿಕೊಂಡು, ಪುಸ್ತಕ ಹಿಡಿದು, ವಾರ್ಡಿಗೆ ಹೋದರು.

ಮೊದಲ ಮಂಚದಲ್ಲೇ ಎಲ್ಲ ಕೈಕೊಟ್ಟಿತು. ಒಂದನೆಯ ಮಾತು “ಭಯಪಡಬೇಡಿ” ಎಂದು ಶುರುವಾಗುತ್ತದೆ. ಅದನ್ನು ಹೇಳಲು ಮೂರು ಸಲ ತುಟಿ ಮುಚ್ಚಬೇಕು. ಮುಚ್ಚಲಿಲ್ಲ. ಪಂಕ್ಚರಾದ ಟ್ಯೂಬಿನಿಂದ ಗಾಳಿ ಹೋದಂತೆ ಸದ್ದಾಯಿತು, ಜೊತೆಗೆ ಒಂದಿಷ್ಟು ಉಗುಳು. ರೋಗಿ ನಿಜಕ್ಕೂ ಭಯಪಟ್ಟಳು. ಪುಸ್ತಕ ಬಿಡಿಸಿದರೆ ನೀರು ತುಂಬಿದ ಕಣ್ಣಿಗೆ ಗೆರೆಗಳೆಲ್ಲ ಈಜಾಡುತ್ತಿದ್ದವು. ಗಡಿಯಾರದ ಮುಳ್ಳು ಎರಡೆರಡು ಕಂಡವು. ಆದರೂ ಎಂಟು ಮಂಚ ದಾಟಿದರು. ಒಂಬತ್ತನೆಯದರ ಹತ್ತಿರ ಬಂದಾಗ ಕಣ್ಣು ಉರಿಯಲು ಶುರುವಾಗಿತ್ತು, ಡ್ರಾಪ್ಸ್ ಹಾಕುವ ಹೊತ್ತು. ತಲೆ ಹಿಂದಕ್ಕೆ ಬಾಗಿಸಿ ಎರಡು ಸಲ ಪ್ರಯತ್ನಿಸಿದರು. ಎರಡೂ ಹನಿ ಕಿವಿಗೆ ಹೋದವು.

“ಕೊಡಿ ಇಲ್ಲಿ” ಎಂದಳು ದರ್ಜಿ. “ಮೊದಲು ಕೂತ್ಕೊಳ್ಳಿ. ನಿಂತವರ ಕಣ್ಣಿಗೆ ನಾನು ಮಲಗಿದಲ್ಲಿಂದ ಹೇಗೆ ಹಾಕಲಿ?”

ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಟೀಚರಮ್ಮ ಆ ವಾರ್ಡಿನಲ್ಲಿ ಕೂತರು. ದರ್ಜಿ ಮೊಣಕೈ ಊರಿ ಎದ್ದು, ಅವರ ಗಲ್ಲ ಹಿಡಿದು, ಒಂದೇ ಹನಿ, ನೆಟ್ಟಗೆ ಬಿಟ್ಟಳು. ಮೂವತ್ತು ವರ್ಷ ಸೂಜಿಗೆ ದಾರ ಪೋಣಿಸಿದ ಕೈ.

“ಏನಾಯ್ತು ಮುಖಕ್ಕೆ?”

“ನರ.”

“ಹ್ಞೂಂ.” ಅವಳು ಡ್ರಾಪ್ಸಿನ ಮುಚ್ಚಳ ತಿರುಗಿಸಿ ವಾಪಸು ಕೊಟ್ಟಳು. “ಹೇಳಿ, ಇವತ್ತು ಯಾವುದು? ಪುಸ್ತಕದಲ್ಲಿ ನಂಬರು ಬರೀತೀರಲ್ಲ, ಐದೋ ಏಳೋ?”

ಈ ತುಟಿಗೆ ಏಳರಲ್ಲಿ ಯಾವುದೂ ಬರುವಂತಿರಲಿಲ್ಲ. ಟೀಚರಮ್ಮ ಕರ್ಚೀಫಿನಿಂದ ಬಾಯಿಯ ಮೂಲೆ ಒರೆಸಿಕೊಂಡರು. ಎಡಗಣ್ಣಿನಿಂದ ನೀರು ಇಳಿಯುತ್ತಿತ್ತು.

ದರ್ಜಿ ಚಾವಣಿ ನೋಡುತ್ತ ಹೇಳಿದಳು, “ಕಾಲು ತೆಗೀತಾರಂತೆ. ನಾಲ್ಕೈದು ವಾರ ನೋಡ್ತಾರಂತೆ, ಆಮೇಲೆ ತೆಗೀತಾರಂತೆ. ಬಲಗಾಲೇ ಬೇಕಿತ್ತು ನೋಡಿ. ಎಡಗಾಲು ಸುಮ್ಮನೆ ದಂಡಕ್ಕೆ ಇತ್ತು. ಬಲಗಾಲಲ್ಲಿ ತಾನೆ ಮೆಷಿನ್ ಪೆಡಲ್ ಒತ್ತುತ್ತಿದ್ದದ್ದು.”

ಪುಸ್ತಕದಲ್ಲಿ ಪೆಡಲಿಗೆ ಮಾತಿರಲಿಲ್ಲ.

“ದೇವರಿಗೆ ಏನಾದರೂ ಹೇಳಿ. ನಿಮ್ಮ ಆ ಉದ್ದದ್ದು ಬೇಡ.”

ಟೀಚರಮ್ಮ ತಮ್ಮ ತುಟಿಗೆ ಎಟಕುವ ಅಕ್ಷರಗಳನ್ನೇ ಹುಡುಕಿದರು. “ದೇವರೇ, ಇಲ್ಲಿ ನೋಡು” ಎಂದರು. ಅಷ್ಟೇ. ಅವರ ಜೀವಮಾನದಲ್ಲೇ ಅತಿ ಚಿಕ್ಕ ಪ್ರಾರ್ಥನೆ. ಯಾರಾದರೂ ವಿದ್ಯಾರ್ಥಿ ಇಷ್ಟು ಚಿಕ್ಕ ಉತ್ತರ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದರು.

ದರ್ಜಿ ನಗಲು ಹೋದಳು. ನಗು ನಡುವೆಯೇ ದಾರಿ ತಪ್ಪಿ ಅಳುವಾಯಿತು. ನಲವತ್ತು ನಿಮಿಷ ಹೋಯಿತು. ಉಳಿದ ಐದು ಮಂಚಗಳಿಗೆ ಸಮಯವೇ ಉಳಿಯಲಿಲ್ಲ.

ಇದನ್ನೆಲ್ಲ ವಾರ್ಡಿನ ನರ್ಸ್ ಬಾಗಿಲಿನಿಂದ ನೋಡಿದಳು. ಅವಳಿಗೆ ಕಂಡದ್ದು ಇಷ್ಟು: ಟೀಚರಮ್ಮ ರೋಗಿಯ ಪಕ್ಕ ಕೂತು ಧಾರಾಕಾರವಾಗಿ ಅಳುತ್ತಿದ್ದಾರೆ, ಯಾವತ್ತೂ ಅಳದ ರೋಗಿ ಅವರ ಜೊತೆ ಅಳುತ್ತಿದ್ದಾಳೆ. ಸುದ್ದಿ ಒಂದನೇ ಮಂಚದಿಂದ ಹದಿನಾಲ್ಕನೇ ಮಂಚಕ್ಕೆ ಹೋಗುವಷ್ಟರಲ್ಲಿ ಟೀಚರಮ್ಮ ದರ್ಜಿಯನ್ನು ತಬ್ಬಿಕೊಂಡಿದ್ದರು ಕೂಡ.

ಮುಂದಿನ ಗುರುವಾರ ಹೋಗುವಷ್ಟರಲ್ಲಿ ಇಡೀ ವಾರ್ಡು ತಯಾರಾಗಿತ್ತು. ಟೀಚರಮ್ಮ ಮಂಚದ ಪಕ್ಕ ಬಂದು ನಿಂತರೆ ಸಾಕು, ರೋಗಿಗಳು ಅವರ ಕೆನ್ನೆ ನೋಡುತ್ತಿದ್ದರು, “ನಮಗೋಸ್ಕರ ಅಳ್ತಿದ್ದಾರಲ್ಲಾ” ಎನ್ನುತ್ತಿದ್ದರು, ತಾವೂ ಶುರುಮಾಡುತ್ತಿದ್ದರು. “ಇದು ನರ” ಎಂದು ಟೀಚರಮ್ಮ ಮೊದಲ ಮೂವರಿಗೆ ಹೇಳಿದರು. ಹೇಳಿದ್ದು ಯಾರಿಗೂ ಅರ್ಥವಾಗಲಿಲ್ಲ, ಅರ್ಥವಾದವರು ನಂಬಲಿಲ್ಲ. ನಾಲ್ಕನೆಯವಳಿಗೆ ಹೇಳಲಿಲ್ಲ. ಆ ವಾರ ಹದಿನಾಲ್ಕರಲ್ಲಿ ಹದಿಮೂರು ‘ಬಂತು’. ಒಂಬತ್ತನೇ ಮಂಚ ನಿದ್ದೆ ಮಾಡುತ್ತಿತ್ತು.

ಕಾರ್ಯದರ್ಶಿ ಮತ್ತೆ ಮನೆಗೆ ಬಂದರು. ಈ ಸಲ ಯಾರೂ ಹೇಳದೆಯೇ ಕೂತರು.

“ಟೀಚರಮ್ಮ, ನಾನು ಕುರುಡ. ನಿಮ್ಮ ದೌರ್ಬಲ್ಯವನ್ನೇ ದೇವರು ತನ್ನ ಸಾಧನ ಮಾಡ್ಕೊಂಡಿದ್ದಾನೆ, ನನಗೆ ಕಾಣಲಿಲ್ಲ.”

“ನರ” ಎಂದರು ಟೀಚರಮ್ಮ.

“ನರ ಕೊಟ್ಟಿದ್ದು ಯಾರು?” ವಿಮೆಯವರಿಗೆ ಉತ್ತರ ಸಿದ್ಧವಿತ್ತು. “ವಾರ್ಷಿಕ ಸಭೆ ಭಾನುವಾರ, ಇನ್ನು ಒಂದು ತಿಂಗಳಿಗೆ. ವೇದಿಕೆ ಮೇಲೆ ನಿಂತು ದೇವರು ಮಾಡಿದ್ದಕ್ಕೆ ನೀವು ಸಾಕ್ಷಿ ಹೇಳ್ಬೇಕು. ಜಾಸ್ತಿ ಮಾತಾಡೋದೇನೂ ಬೇಡ. ಸುಮ್ಮನೆ ನಿಂತರೂ ಸಾಕು.” ಎದ್ದು ಹೊರಡುವಾಗ ಬಾಗಿಲಲ್ಲಿ ತಿರುಗಿ, “ಅಷ್ಟರೊಳಗೆ ವಾಸಿ ಆಗಿಬಿಡಲ್ಲ ತಾನೆ?” ಎಂದರು. ಕೇಳಿದ ಮೇಲೆ, “ಅಂದ್ರೆ, ಆಗಲಿ, ಖಂಡಿತ ಆಗಲಿ” ಎಂದು ಸೇರಿಸಿದರು.

ಸಾಂತ್ವನ ತಂಡದ ಒಬ್ಬ ಹೆಂಗಸು, ಗಂಡಸರ ವಾರ್ಡಿನ ಜವಾಬ್ದಾರಿ ಇದ್ದವಳು, ಫೋನ್ ಮಾಡಿ ಆ ಡ್ರಾಪ್ಸ್ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ವಿಚಾರಿಸಿದಳು.

ಟೀಚರಮ್ಮ ಕೆಟ್ಟವರೇನಲ್ಲ. ಆದರೆ ಹನ್ನೊಂದು ವರ್ಷ ನಿಂತು ನಿಂತು ಮೊಣಕಾಲು ಸವೆಸಿದಾಗ ಯಾರೂ ವೇದಿಕೆಗೆ ಕರೆದಿರಲಿಲ್ಲ. ಈಗ ರಸ್ತೆಯಲ್ಲಿ ಜನ ದಾರಿ ಬಿಡುತ್ತಿದ್ದರು. ಮಂದಿರದಲ್ಲಿ ಮುಂದಿನ ಸಾಲಿನಲ್ಲಿ ಅವರಿಗೊಂದು ಕುರ್ಚಿ ಹಾಕುತ್ತಿದ್ದರು. ಮೊದಮೊದಲು ಪ್ರತಿದಿನ ‘ನನ್ನ ಮುಖ ಸರಿಮಾಡು’ ಎಂದು ದೇವರನ್ನು ಕೇಳಿಕೊಳ್ಳುತ್ತಿದ್ದರು. ಯಾವ ದಿನದಿಂದಲೋ ಆ ಸಾಲು ಬಿಟ್ಟುಹೋಯಿತು. ದೇವರು ಗಮನಿಸಿರಬಹುದು, ಏನೂ ಅನ್ನಲಿಲ್ಲ. ಗಮನಿಸಿ ಅಂದದ್ದು ಸೊಸೆ.

“ಅತ್ತೆ, ಮನೇಲಿ ಶಿಳ್ಳೆ ಕೇಳಿಸ್ತಾನೇ ಇಲ್ಲ.”

“ಹೊಡೀತೀನಿ. ನೀನು ಇಲ್ಲದಾಗ.”

“ನಾನು ಇಲ್ಲದಾಗ ಕನ್ನಡಿ ಮೇಲೆ ಟವೆಲ್ ಒಣಗ್ತಿರುತ್ತೆ. ಮೂರು ದಿನದಿಂದ ಅದೇ ಟವೆಲ್.” ಅವಳು ಟವೆಲ್ ಎಳೆದು ತೆಗೆದಳು. “ನಿಜ ಹೇಳಿ. ಆ ಸಭೆ ಮುಗಿಯೋವರೆಗೂ ಹೀಗೇ ಇರಲಿ ಅಂತ ತಾನೆ?”

ಟೀಚರಮ್ಮ ಟವೆಲ್ ತೆಗೆದುಕೊಂಡು ಮಡಚತೊಡಗಿದರು. ಅರ್ಧ ಮುಖ ಮಾತ್ರ ಕೆಂಪಾಯಿತೇ ಪೂರ್ತಿ ಕೆಂಪಾಯಿತೇ ಎಂದು ಸೊಸೆ ನೋಡಲು ಹೋಗಲಿಲ್ಲ. ಅಂಗಡಿಗೆ ತಡವಾಗುತ್ತಿತ್ತು.

ದರ್ಜಿಯ ಕಾಲನ್ನು ಸಭೆಯ ವಾರದ ಮಂಗಳವಾರ ತೆಗೆದರು, ಮೊಣಕಾಲಿನ ಕೆಳಗೆ. ಗುರುವಾರ ಟೀಚರಮ್ಮ ಹೋದಾಗ ಹೊದಿಕೆ ಒಂದು ಕಡೆ ಉದ್ದಕ್ಕೆ, ಒಂದು ಕಡೆ ಗಿಡ್ಡಕ್ಕೆ ಉಬ್ಬಿತ್ತು. ಅವರು ಕೂತರು. ತಲೆ ತುಸು ಎಡಕ್ಕೆ ವಾಲಿಸಿದರು. ಹಾಗೆ ವಾಲಿಸಿದರೆ ನೀರು ಚೆನ್ನಾಗಿ ಇಳಿಯುತ್ತದೆ ಎಂಬುದು ಅಷ್ಟರಲ್ಲಿ ಅವರಿಗೆ ಗೊತ್ತಾಗಿತ್ತು.

ದರ್ಜಿ ನೋಡಿದಳು. “ಬಲಗಣ್ಣು ಯಾಕೆ ಒಣಗಿದೆ?” ಎಂದಳು.

ಟೀಚರಮ್ಮ ತಲೆ ನೆಟ್ಟಗೆ ಮಾಡಿಕೊಂಡರು.

“ನಾನು ದರ್ಜಿ, ಟೀಚರಮ್ಮ. ಎರಡು ತೋಳು ಸಮ ಇದೆಯಾ ಇಲ್ವಾ ನೋಡೋದೇ ನನ್ನ ಕಸುಬು. ಮೊದಲ ದಿನವೇ ಗೊತ್ತಿತ್ತು. ತೀರಿಹೋದ ನಮ್ಮಕ್ಕನಿಗೂ ಒಮ್ಮೆ ಹೀಗೇ ಆಗಿತ್ತು, ಅವಳು ಈರುಳ್ಳಿ ಅಂಗಡಿಯವಳ ಹಾಗೆ ಎರಡು ತಿಂಗಳು ಸುರಿಸಿದಳು.”

“ಮತ್ತೆ ನೀನು ಅವತ್ತು ಅತ್ತೆಯಲ್ಲ?”

“ಕಾಲು ಹೋಗುತ್ತೆ ಅಂತ ಅತ್ತೆ. ನೀವೇನು, ನಿಮ್ಮಿಂದ ಅತ್ತೆ ಅಂದ್ಕೊಂಡ್ರಾ?” ದರ್ಜಿಗೆ ನಗು ಬಂತು, ಕಾಲು ನೋಯಿತು, ನಗು ನಿಲ್ಲಿಸಿದಳು. “ಎಷ್ಟೋ ದಿನದಿಂದ ಅಳಬೇಕಿತ್ತು. ನೀವು ಬಂದು ನಿಂತ್ಕೊಂಡು ಗಡಿಯಾರ ನೋಡ್ತಿದ್ರಿ. ನಿಂತವರ ಮುಂದೆ ಹೇಗೆ ಅಳೋದು?”

ಟೀಚರಮ್ಮ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದರು. ಮುಖ ಸರಿಯಾಗಬಾರದೆಂದು ಡಾಕ್ಟರ್ ಹೇಳಿದ ಶಿಳ್ಳೆ ಬಿಟ್ಟು, ಕನ್ನಡಿಗೆ ಟವೆಲ್ ಹಾಕಿದ್ದನ್ನು ಹೇಳಿದರು. ನಿಧಾನವಾಗಿ, ತುಟಿ ಎತ್ತಿ ಹಿಡಿದು ಹೇಳಿದರು. ಬೇರೆ ಯಾರಾದರೂ ಆಗಿದ್ದರೆ ‘ಪರವಾಗಿಲ್ಲ ಬಿಡಿ’ ಎನ್ನುತ್ತಿದ್ದರು.

“ಥೂ” ಎಂದಳು ದರ್ಜಿ. “ನಾನಿಲ್ಲಿ ಇರೋ ಕಾಲನ್ನ ಉಳಿಸ್ಕೊಳ್ಳೋಕೆ ಆಗ್ಲಿಲ್ಲ. ನೀವು ಮುಖ ಬರ್ತೀನಿ ಅಂದ್ರೂ ಬಾಗಿಲು ಹಾಕ್ತಿದ್ದೀರಾ?”

ಆಗ ನರ್ಸ್ ಬಂದು ಚಾರ್ಟ್ ನೋಡಿದಳು. ಭಾನುವಾರ ಹತ್ತಕ್ಕೆ ಮೊದಲ ಸಲ ಡ್ರೆಸ್ಸಿಂಗ್ ಬಿಚ್ಚುತ್ತಾರೆ, ನೋವು ಜೋರಿರುತ್ತದೆ, ಮನೆಯವರು ಒಬ್ಬರು ಜೊತೆಗಿರಬಹುದು ಎಂದಳು. ಹೇಳಿದ ಮೇಲೆ ಮನೆಯವರು ಯಾರೂ ಇಲ್ಲವೆಂದು ನೆನಪಾಗಿ, “ಇಲ್ದಿದ್ರೂ ಪರವಾಗಿಲ್ಲ, ನಾವಿದೀವಿ” ಎಂದು ಹೊರಟುಹೋದಳು.

ಭಾನುವಾರ ಹತ್ತು. ಸಭೆಯೂ ಭಾನುವಾರ ಹತ್ತಕ್ಕೇ.

ದರ್ಜಿಗೆ ಸಭೆಯ ವಿಷಯ ಗೊತ್ತಿತ್ತು, ಇಡೀ ವಾರ್ಡಿಗೆ ಗೊತ್ತಿತ್ತು. ಅವಳು ಏನನ್ನೂ ಕೇಳಲಿಲ್ಲ. ಗೋಡೆ ಕಡೆ ತಿರುಗಿ, “ಹೋಗುವಾಗ ಆ ಪರದೆ ಎಳೆದು ಹೋಗಿ” ಎಂದಳಷ್ಟೆ.

ಎರಡು ದಿನ ಟೀಚರಮ್ಮ ಮನೆಯಲ್ಲಿ ಸುತ್ತಾಡಿದರು. ಸಭೆಯಲ್ಲಿ ಆರುನೂರು ಜನ, ವಾರ್ಡಿನಲ್ಲಿ ಒಬ್ಬಳು. ಲೆಕ್ಕದ ಟೀಚರಿಗೆ ಇದು ಕಷ್ಟದ ಲೆಕ್ಕವಾಗಬಾರದು. ವೇದಿಕೆಗೆ ಹೋಗಬೇಕೆಂಬ ಆಸೆ ಹಲ್ಲುನೋವಿನಂತೆ ಹಿಡಿದುಕೊಂಡಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಶನಿವಾರ ಮಧ್ಯಾಹ್ನ ಫೋನ್ ಎತ್ತಿದರು.

“ನಾಳೆ ಹತ್ತಕ್ಕೆ ನನಗೆ ಕೆಲಸ ಇದೆ.”

“ದೇವರ ಕೆಲಸಕ್ಕಿಂತ ದೊಡ್ಡ ಕೆಲಸವಾ ಟೀಚರಮ್ಮ?” ಎಂದರು ಕಾರ್ಯದರ್ಶಿ.

“ಡ್ರೆಸ್ಸಿಂಗು.”

“ಯಾರ ಡ್ರೆಸ್ಸಿಂಗು? ಟೀಚರಮ್ಮ, ಪೋಸ್ಟರಲ್ಲಿ ನಿಮ್ಮ ಫೋಟೋ ಹಾಕಿಸಿದೀನಿ. ಒಂದು ಗಂಟೆ ಆ ರೋಗಿ ಕಾಯೋಕೆ ಆಗಲ್ವಾ?”

“ಗಾಯ ಕಾಯಲ್ಲ. ಆಮೇಲೆ, ಇನ್ನೊಂದು ಮಾತು. ಆ ಕಣ್ಣೀರೆಲ್ಲ ಬರೀ ನರ. ಸಭೆಗೆ ಹೇಳಿ.”

ಕಾರ್ಯದರ್ಶಿ ಸಭೆಗೆ ಹೇಳಲಿಲ್ಲ. ವ್ಯವಸ್ಥೆ ಮಾಡಿಕೊಂಡರು. ಭಾನುವಾರ ವೇದಿಕೆಯ ಮೇಲೆ ಗಂಡಸರ ವಾರ್ಡಿನ ಹೆಂಗಸು ಸಾಕ್ಷಿ ಹೇಳಿದಳು, ಮೈಕಿನ ಮುಂದೆ ಎರಡೂ ಕಣ್ಣಿನಿಂದ ಅತ್ತಳು. ಡ್ರಾಪ್ಸ್ ಅಂಗಡಿ ಅವಳಿಗೆ ಸಿಕ್ಕಿರಬೇಕು.

ಅದೇ ಹೊತ್ತಿಗೆ ಟೀಚರಮ್ಮ ಒಂಬತ್ತನೇ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಎರಡೂ ಕೈ ಕೊಟ್ಟಿದ್ದರು. ನರ್ಸ್ ಬಟ್ಟೆಯ ಪದರುಗಳನ್ನು ಬಿಚ್ಚುತ್ತ ಬಂದಳು. ಕೊನೆಯ ಪದರು ಗಾಯಕ್ಕೆ ಅಂಟಿತ್ತು. ದರ್ಜಿ ಅವರ ಬೆರಳುಗಳನ್ನು ಹಿಂಡಿದಳು.

“ಮಾತಾಡಿ! ಏನಾದರೂ ಮಾಡಿ! ಸುಮ್ಮನೆ ಕೂರಬೇಡಿ!”

“ದೇವರೇ, ಇಲ್ಲಿ ನೋಡು” ಎಂದರು ಟೀಚರಮ್ಮ.

“ಅದಾಯ್ತು, ಬೇರೆ!”

ಬೇರೆ ಏನೂ ಇರಲಿಲ್ಲ. ಟೀಚರಮ್ಮ ಹುಬ್ಬು ಏರಿಸಿದರು. ಕೆನ್ನೆ ಉಬ್ಬಿಸಿದರು. ತುಟಿ ಮುಂದೆ ಮಾಡಿ ಊದಿದರು. ಬರೀ ಗಾಳಿ. ಮತ್ತೆ ಊದಿದರು, ಉಗುಳು. ನರ್ಸ್ ಕೆಲಸ ನಿಲ್ಲಿಸಿ ನೋಡಿದಳು. “ನೀವು ನಿಮ್ಮ ಕೆಲಸ ಮಾಡಿ ತಾಯಿ!” ಎಂದು ದರ್ಜಿ ಅವಳ ಮೇಲೆ ಕೂಗಿದಳು. ಐದನೆಯದೋ ಆರನೆಯದೋ ಸಲ, ಕೊನೆಯ ಪದರು ಕಿತ್ತು ಬರುವಾಗ, ದರ್ಜಿಯ ಕಿರುಚಾಟದ ಕೆಳಗೆಲ್ಲೋ ಒಂದು ಸಣ್ಣ ಸಿಳ್ ಎಂಬ ಸದ್ದು ಕೇಳಿಸಿತು. ಕುಕ್ಕರ್ ಕೂಗಲೋ ಬೇಡವೋ ಎಂದು ಯೋಚಿಸುವಂಥ ಸದ್ದು.

“ಇದೇನಾ ನಿಮ್ಮ ಶಿಳ್ಳೆ?” ಎಂದಳು ದರ್ಜಿ, ಬೆವರಿನಲ್ಲಿ ತೊಯ್ದು. “ಇದಕ್ಕಾ ಕನ್ನಡಿಗೆ ಟವೆಲ್ ಹಾಕಿದ್ದು?”

ಇದೇ ಸಮಯಕ್ಕೆ ಟೀಚರಮ್ಮನ ಬಲಗಣ್ಣಿನಲ್ಲೂ ನೀರು ಬಂತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಬರಲಿಲ್ಲ. ಅವರ ಗಮನವೆಲ್ಲ ಬೆರಳುಗಳ ಮೇಲಿತ್ತು. ಎರಡು ಬೆರಳು ಸಂಜೆಯವರೆಗೂ ಮಡಚಲಾಗಲಿಲ್ಲ.

ಸೋಮವಾರ ಕಾರ್ಯದರ್ಶಿ ಬ್ಯಾಡ್ಜ್ ಮತ್ತು ಪುಸ್ತಕ ವಾಪಸು ತರಿಸಿಕೊಂಡರು. ಸೊಸೆ ಎರಡನ್ನೂ ಚಪ್ಪಲಿ ಡಬ್ಬಿಯಲ್ಲಿ ಹಾಕಿ, ದಾರ ಕಟ್ಟಿ ಕೊಟ್ಟಳು. ಮನೆಯಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಶಿಳ್ಳೆ ಕೇಳಿಸತೊಡಗಿತು. ಪಕ್ಕದ ಮನೆಯವರು ಒಮ್ಮೆ ದೂರು ಹೇಳಿದರು.

ಗುರುವಾರ ನಾಲ್ಕು ಗಂಟೆಗೆ ಟೀಚರಮ್ಮ ಆಸ್ಪತ್ರೆಯ ಗೇಟಿನಲ್ಲಿ ಎಲ್ಲರಂತೆ ಸಾಲಿನಲ್ಲಿ ನಿಂತರು. ಬ್ಯಾಡ್ಜ್ ಇದ್ದಾಗ ಸಾಲು ಇರಲಿಲ್ಲ. ಕಾವಲುಗಾರ ತಲೆ ಎತ್ತದೆ ಕೇಳಿದ, “ಯಾವ ಮಂಚ?”

“ಒಂಬತ್ತು.”

“ನಿಮಗೇನಾಗಬೇಕು ಅವರು?”

ಅವನ ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಇತ್ತು. ಟೀಚರಮ್ಮ ಯೋಚಿಸಿದರು. ಹನ್ನೊಂದು ವರ್ಷ ಕಾಲಂ ತುಂಬಿದವರಿಗೆ ಇದಕ್ಕೆ ಏನು ಬರೆಸಬೇಕೆಂದು ತೋಚಲಿಲ್ಲ.

“ಬೇಗ ಹೇಳಿ ಅಮ್ಮಾ, ಹಿಂದೆ ಜನ ನಿಂತಿದ್ದಾರೆ” ಎಂದ ಅವನು. ಉತ್ತರ ಬರುವ ಮೊದಲೇ ತಾನೇ ‘ತಂಗಿ’ ಎಂದು ಗೀಚಿ, ಚೀಟಿ ಹರಿದು ಕೊಟ್ಟ. ಟೀಚರಮ್ಮ ತಿದ್ದಲಿಲ್ಲ.